ಕಂಪ್ಯೂಟರ್‌ನಲ್ಲಿ ಜೀವಶಾಸ್ತ್ರ: ಪುಣೆ, ಮುಂಬೈ, ಗೋವಾದ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಪುಣೆಯಲ್ಲಿ ಈ ಕೆಲಸದಲ್ಲೇ ಇದ್ದೇನೆ. ಇಲ್ಲಿನ ಕನ್ನಡ ಕಾರ್ಯಕ್ರಮಗಳಲ್ಲಿ ಸಿಗುವವರು, ಮಾಟುಂಗಾದ ನೆಂಟರು, ವಾಸ್ಕೋದ ಗೆಳೆಯರು ಎಲ್ಲರೂ ಹೆಚ್ಚುಕಡಿಮೆ ಒಂದೇ ಥರದ ಪ್ರಶ್ನೆ ಕೇಳುತ್ತಾರೆ. ಕೆಲವರಿಗೆ ಮಕ್ಕಳ ಓದಿನ ಚಿಂತೆ, ಕೆಲವರಿಗೆ ಮನೆಯಲ್ಲಿರುವ ಕಾಯಿಲೆಯ ಚಿಂತೆ, ಇನ್ನು ಕೆಲವರಿಗೆ ನೊಬೆಲ್ ಸುದ್ದಿ ಓದಿ ಹುಟ್ಟಿದ ಕುತೂಹಲ. ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ. ಕಂಪ್ಯೂಟರ್ ಏನೇ ಹೇಳಲಿ, ನಾನು ಮೊದಲು ಕೇಳುವುದು ಎರಡೇ ಮಾತು. ಇದು ಯಾರ ಡೇಟಾ ನೋಡಿ ಕಲಿತಿದೆ? ಲ್ಯಾಬಿನಲ್ಲಿ ಯಾರಾದರೂ ಪರೀಕ್ಷೆ ಮಾಡಿ ನೋಡಿದ್ದಾರಾ? ಕೆಳಗಿನ ಉತ್ತರಗಳಲ್ಲೆಲ್ಲ ಇವೆರಡೂ ಮತ್ತೆ ಮತ್ತೆ ಬರುತ್ತವೆ.

## ಕಂಪ್ಯೂಟೇಶನಲ್ ಬಯಾಲಜಿ ಅಂದ್ರೆ ಏನು? ಬಯೋಇನ್‌ಫರ್ಮ್ಯಾಟಿಕ್ಸ್ ಬೇರೆಯಾ?

ಜೀವಿಗಳಿಂದ ಸಿಕ್ಕ ಅಳತೆಗಳನ್ನು ಗಣಿತ ಮತ್ತು ಕಂಪ್ಯೂಟರ್ ಬಳಸಿ ಅರ್ಥ ಮಾಡಿಕೊಳ್ಳುವ ಕೆಲಸ ಇದು. ಡಿಎನ್‌ಎಯ ಎ, ಸಿ, ಜಿ, ಟಿ ಎಂಬ ಅಕ್ಷರಗಳನ್ನು ಹೋಲಿಸಿ ನೋಡುವುದು, ಪ್ರೋಟೀನ್‌ನ ಆಕಾರ ಊಹಿಸುವುದು, ವೈರಸ್ ಹೇಗೆ ಹರಡಿತು ಎಂದು ಲೆಕ್ಕ ಹಾಕುವುದು, ಎಲ್ಲವೂ ಇದರಲ್ಲಿ ಬರುತ್ತದೆ. ಡೇಟಾ ಜೋಡಿಸಿ ಹುಡುಕುವ ಸಾಧನ ಕಟ್ಟುವವರು ತಮ್ಮ ಕೆಲಸವನ್ನು ಬಯೋಇನ್‌ಫರ್ಮ್ಯಾಟಿಕ್ಸ್ ಅನ್ನುತ್ತಾರೆ. ದಿನನಿತ್ಯದ ಕೆಲಸದಲ್ಲಿ ಎರಡರ ನಡುವೆ ಗೆರೆ ಎಳೆಯುವುದು ಕಷ್ಟ. ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

## ಆಲ್ಫಾಫೋಲ್ಡ್ ಬಗ್ಗೆ ಅಷ್ಟೊಂದು ಸದ್ದು ಯಾಕೆ?

ಆಲ್ಫಾಫೋಲ್ಡ್ ಅಂದರೆ ಪ್ರೋಟೀನ್‌ನ ಆಕಾರ ಊಹಿಸುವ ಎಐ ಸಾಧನ. ದೇಹದ ಬಹುಪಾಲು ಕೆಲಸ ನಡೆಸುವುದು ಪ್ರೋಟೀನ್‌ಗಳು. ರಕ್ತದಲ್ಲಿ ಆಮ್ಲಜನಕ ಹೊರುವುದು, ಉಂಡ ಅನ್ನ ಕರಗಿಸುವುದು, ಒಳಗೆ ಬಂದ ರೋಗಾಣುವನ್ನು ಹಿಡಿಯುವುದು, ಒಂದೊಂದಕ್ಕೂ ಬೇರೆ ಬೇರೆ ಪ್ರೋಟೀನ್ ಇದೆ. 20 ಬಗೆಯ ಅಮೈನೋ ಆಮ್ಲಗಳು ಸಾಲಾಗಿ ಕೂಡಿ ಒಂದು ಸರಪಳಿಯಾಗುತ್ತವೆ. ಆ ಸರಪಳಿ ಮಡಚಿಕೊಂಡು ಒಂದು ಆಕಾರಕ್ಕೆ ಬರುತ್ತದೆ. ಆಕಾರ ಸರಿಯಿದ್ದರೆ ಕೆಲಸವೂ ಸರಿ. ಸಿಕಲ್ ಸೆಲ್ ಕಾಯಿಲೆಯನ್ನೇ ನೋಡಿ. ಹಿಮೋಗ್ಲೋಬಿನ್‌ನ ಒಂದು ಸರಪಳಿಯಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿರುತ್ತದೆ. ಅಷ್ಟಕ್ಕೇ ಕೆಂಪು ರಕ್ತಕಣ ಕುಡಗೋಲಿನ ಹಾಗೆ ಬಾಗಿಬಿಡುತ್ತದೆ.

ಸರಪಳಿಯ ಸಾಲಿನಲ್ಲೇ ಆಕಾರದ ಮಾಹಿತಿಯೂ ಅಡಗಿದೆ ಎಂದು ತೋರಿಸಿದ್ದಕ್ಕೆ ಕ್ರಿಶ್ಚಿಯನ್ ಆನ್‌ಫಿನ್‌ಸನ್ ಅವರಿಗೆ 1972ರಲ್ಲಿ ನೊಬೆಲ್ ಬಂತು. ಹಾಗಾದರೆ ಸಾಲನ್ನು ಓದಿ ಆಕಾರ ಹೇಳಬಹುದಲ್ವಾ? ಆ ಪ್ರಶ್ನೆ ಸುಮಾರು 50 ವರ್ಷ ಹಾಗೇ ಉಳಿಯಿತು. ಒಂದು ಪ್ರೋಟೀನ್‌ನ ಆಕಾರವನ್ನು ಎಕ್ಸ್‌ರೇ ಬಳಸಿ ಕಂಡುಹಿಡಿಯಲು ಒಬ್ಬ ವಿದ್ಯಾರ್ಥಿಯ ಇಡೀ ಪಿಎಚ್‌ಡಿ ಅವಧಿಯೇ ಹೋದದ್ದುಂಟು. 1994ರಿಂದ ಎರಡು ವರ್ಷಕ್ಕೊಮ್ಮೆ ಕ್ಯಾಸ್ಪ್ ಎಂಬ ಪರೀಕ್ಷೆ ನಡೆಯುತ್ತಿದೆ. ಲ್ಯಾಬಿನಲ್ಲಿ ಆಕಾರ ಸಿಕ್ಕಿದ್ದರೂ ಇನ್ನೂ ಹೊರಗೆ ಹೇಳದ ಪ್ರೋಟೀನ್‌ಗಳನ್ನು ಕೊಡುತ್ತಾರೆ. ಬರೀ ಸಾಲು ನೋಡಿ ಆಕಾರ ಊಹಿಸಬೇಕು. ಆಮೇಲೆ ನಿಜವಾದ ಉತ್ತರದ ಜೊತೆ ಹೋಲಿಸಿ ಅಂಕ ಹಾಕುತ್ತಾರೆ.

2020ರ ಪರೀಕ್ಷೆಯಲ್ಲಿ ಡೀಪ್‌ಮೈಂಡ್ ಕಂಪನಿಯ ಆಲ್ಫಾಫೋಲ್ಡ್ 2 ಪಡೆದ ಅಂಕಗಳ ಮಧ್ಯಾಂಕ (ಮೀಡಿಯನ್) 100ಕ್ಕೆ 92.4. ಸುಮಾರು 90 ಬಂದರೆ ಲ್ಯಾಬಿನ ಅಳತೆಗೆ ಸರಿಸಮ ಎಂದು ಆ ಕ್ಷೇತ್ರದವರು ಎಣಿಸುತ್ತಿದ್ದರು. 2021ರಲ್ಲಿ ಅದರ ಕೋಡ್ ಹೊರಬಂತು. 2022ರ ಹೊತ್ತಿಗೆ 20 ಕೋಟಿಗೂ ಜಾಸ್ತಿ ಪ್ರೋಟೀನ್‌ಗಳ ಊಹಿತ ಆಕಾರಗಳು ಎಲ್ಲರಿಗೂ ಉಚಿತವಾಗಿ ಸಿಕ್ಕವು. 2024ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಅರ್ಧ ಪಾಲು ಆಲ್ಫಾಫೋಲ್ಡ್‌ನ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ ಹೋಯಿತು. ಇನ್ನರ್ಧ ಹೊಸ ಪ್ರೋಟೀನ್‌ಗಳನ್ನು ವಿನ್ಯಾಸ ಮಾಡುವ ಡೇವಿಡ್ ಬೇಕರ್ ಅವರಿಗೆ.

ಸುದ್ದಿಯಲ್ಲಿ ಎಐ ಹೆಸರೇ ದೊಡ್ಡದಾಗಿ ಬಂತು. ನನಗೆ ಇನ್ನೊಂದು ಹೆಸರು ಅಷ್ಟೇ ದೊಡ್ಡದು: ಪ್ರೋಟೀನ್ ಡೇಟಾ ಬ್ಯಾಂಕ್. 1971ರಲ್ಲಿ ಬರೀ 7 ಆಕಾರಗಳಿಂದ ಶುರುವಾದ ಭಂಡಾರ ಅದು. ಪ್ರಪಂಚದ ಲ್ಯಾಬುಗಳವರು ತಾವು ಬೆವರು ಸುರಿಸಿ ಕಂಡುಹಿಡಿದ ಆಕಾರಗಳನ್ನು ವರ್ಷಗಟ್ಟಲೆ ಅಲ್ಲಿ ಪುಕ್ಕಟೆ ತಂದಿಟ್ಟರು. ಆಲ್ಫಾಫೋಲ್ಡ್ 2 ಕಲಿತದ್ದು ಅಂಥ ಸುಮಾರು 1,70,000 ಆಕಾರಗಳಿಂದ. ಆ ಭಂಡಾರ ಇಲ್ಲದಿದ್ದರೆ ಎಷ್ಟು ದೊಡ್ಡ ಕಂಪ್ಯೂಟರ್ ಇದ್ದರೂ ಅದಕ್ಕೆ ಕಲಿಯಲು ಏನೂ ಇರುತ್ತಿರಲಿಲ್ಲ.

## ಹಾಗಾದ್ರೆ ಪ್ರೋಟೀನ್ ಸಮಸ್ಯೆ ಮುಗಿದ ಹಾಗೇನಾ?

ಇಲ್ಲ. ಆಲ್ಫಾಫೋಲ್ಡ್ ಕೊಡುವುದು ಒಂದು ನಿಂತ ಚಿತ್ರ. ನಿಜವಾದ ಪ್ರೋಟೀನ್ ಅಲುಗಾಡುತ್ತದೆ, ಬಾಯಿ ತೆರೆಯುತ್ತದೆ, ಇನ್ನೊಂದು ಅಣು ಹತ್ತಿರ ಬಂದಾಗ ರೂಪ ಬದಲಿಸುತ್ತದೆ. ಕೆಲವು ಪ್ರೋಟೀನ್‌ಗಳ ದೊಡ್ಡ ಭಾಗಕ್ಕೆ ಒಂದು ನಿಶ್ಚಿತ ಆಕಾರವೇ ಇರುವುದಿಲ್ಲ.

ಒಳ್ಳೆಯ ಸಂಗತಿ ಏನೆಂದರೆ, ತನಗೆ ಎಲ್ಲಿ ಖಾತ್ರಿ ಇಲ್ಲ ಎಂಬುದನ್ನು ಅದೇ ಹೇಳುತ್ತದೆ. ಸರಪಳಿಯ ಒಂದೊಂದು ಜಾಗಕ್ಕೂ 0ಯಿಂದ 100ರವರೆಗೆ ವಿಶ್ವಾಸದ ಅಂಕ ಇರುತ್ತದೆ. ಗಾಢ ನೀಲಿ ಬಣ್ಣವಿದ್ದರೆ ನಂಬಬಹುದು. ಕಿತ್ತಳೆ ಬಣ್ಣವಿದ್ದರೆ ಆ ಭಾಗವನ್ನು ನೆಚ್ಚಿಕೊಂಡು ಮುಂದೆ ಹೋಗಬಾರದು. ಬಣ್ಣ ನೋಡದೆ ಬರೀ ಚಿತ್ರ ತೆಗೆದುಕೊಂಡು ಪ್ರಾಜೆಕ್ಟ್ ವರದಿಗೆ ಅಂಟಿಸುವ ವಿದ್ಯಾರ್ಥಿಗಳಿಗೆ ಇದನ್ನು ಒತ್ತಿ ಹೇಳುತ್ತೇನೆ.

2024ರ ಮೇ ತಿಂಗಳಲ್ಲಿ ಬಂದ ಆಲ್ಫಾಫೋಲ್ಡ್ 3, ಪ್ರೋಟೀನ್ ಜೊತೆ ಡಿಎನ್‌ಎ, ಆರ್‌ಎನ್‌ಎ, ಔಷಧದ ಅಣು ಹೇಗೆ ಕೂಡಿಕೊಳ್ಳುತ್ತವೆ ಎಂದೂ ಊಹಿಸುತ್ತದೆ. ಮೊದಲಿಗೆ ಅದರ ಕೋಡ್ ಕೊಡಲಿಲ್ಲ. ವಿಜ್ಞಾನಿಗಳು ಗಟ್ಟಿಯಾಗಿ ಆಕ್ಷೇಪಿಸಿದರು. ಆ ವರ್ಷ ನವೆಂಬರ್‌ನಲ್ಲಿ ಸಂಶೋಧನೆಯ ಬಳಕೆಗೆ ಕೊಟ್ಟರು. ಸುಮಾರು ಅದೇ ಹೊತ್ತಿಗೆ ಬೋಲ್ಟ್ಸ್, ಚಾಯ್‌ನಂಥ ಬೇರೆ ಸಾಧನಗಳೂ ಬಂದವು. ಆಕ್ಷೇಪ ಸರಿಯಾಗಿಯೇ ಇತ್ತು ಅನ್ನುವುದು ನನ್ನ ಅಭಿಪ್ರಾಯ. ಇನ್ನೊಬ್ಬರು ಓಡಿಸಿ ನೋಡಲಾಗದ ಲೆಕ್ಕವನ್ನು ಪರೀಕ್ಷಿಸುವುದು ಹೇಗೆ?

## ಇದರಲ್ಲಿ ಭಾರತದವರ ಪಾಲು ಏನೂ ಇಲ್ವಾ?

ಇದೆ, ಅದೂ ಬುಡದಲ್ಲೇ ಇದೆ. 1963ರಲ್ಲಿ ಮದ್ರಾಸಿನಲ್ಲಿ ಜಿ. ಎನ್. ರಾಮಚಂದ್ರನ್ ತಮ್ಮ ಸಹೋದ್ಯೋಗಿಗಳಾದ ರಾಮಕೃಷ್ಣನ್ ಮತ್ತು ಶಶಿಶೇಖರನ್ ಜೊತೆ ಸೇರಿ, ಪ್ರೋಟೀನ್ ಸರಪಳಿ ಯಾವ ಯಾವ ಕೋನದಲ್ಲಿ ತಿರುಗಬಹುದು, ಯಾವುದರಲ್ಲಿ ತಿರುಗಲಾರದು ಎಂದು ಲೆಕ್ಕ ಹಾಕಿದರು. ಅದೇ ರಾಮಚಂದ್ರನ್ ನಕ್ಷೆ. ಇವತ್ತಿಗೂ ಯಾವುದೇ ಹೊಸ ಆಕಾರ ಬಂದರೂ ಅದು ಸರಿಯಿದೆಯಾ ಎಂದು ಈ ನಕ್ಷೆಯ ಮೇಲಿಟ್ಟು ನೋಡುತ್ತಾರೆ. ಆಮೇಲೆ ಅವರು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ಗೆ, ಅಂದರೆ ಐಐಎಸ್‌ಸಿಗೆ ಬಂದು ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದರು.

## ಪ್ರಕೃತಿಯಲ್ಲಿ ಇಲ್ಲದ ಪ್ರೋಟೀನನ್ನು ಮಾಡ್ತಾರಂತೆ. ಅದರಿಂದ ನಮಗೇನು ಉಪಯೋಗ?

ಹಾವಿನ ವಿಷದ ಉದಾಹರಣೆ ಕೊಡುತ್ತೇನೆ. ಊರಿನಲ್ಲಿ ಗದ್ದೆ, ತೋಟ ಇರುವವರಿಗೆ ಇದು ದೂರದ ವಿಷಯ ಅಲ್ಲ.

2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿದು ಸುಮಾರು 12 ಲಕ್ಷ ಜನ ಸತ್ತರು ಎಂದು 2020ರಲ್ಲಿ ಬಂದ ಒಂದು ದೊಡ್ಡ ಅಧ್ಯಯನ ಅಂದಾಜು ಮಾಡಿತು. ವರ್ಷಕ್ಕೆ ಸರಾಸರಿ 58,000. ಈಗಿರುವ ಮದ್ದು ಕುದುರೆಗೆ ಸ್ವಲ್ಪ ಸ್ವಲ್ಪ ವಿಷ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳಿಂದ (ಆಂಟಿಬಾಡಿ) ಮಾಡಿದ್ದು. ಮುಂಬೈ ಪರೇಲ್‌ನ ಹಾಫ್ಕಿನ್ ಸಂಸ್ಥೆ ಈ ಮದ್ದಿಗೆ ಹಳೆಯ ಹೆಸರು. ಈ ಮದ್ದು ಜೀವ ಉಳಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕುದುರೆಯ ಪ್ರೋಟೀನ್ ಕೆಲವರ ಮೈಗೆ ಒಗ್ಗುವುದಿಲ್ಲ. ಒಂದೇ ಜಾತಿಯ ಹಾವಿನ ವಿಷವೂ ಪ್ರದೇಶದಿಂದ ಪ್ರದೇಶಕ್ಕೆ ಬೇರೆಯಾಗುವುದರಿಂದ ಎಲ್ಲ ಕಡೆ ಒಂದೇ ರೀತಿ ಕೆಲಸ ಮಾಡುವುದೂ ಇಲ್ಲ.

ಬೇಕರ್ ಅವರ ಗುಂಪು ಆರ್‌ಎಫ್‌ಡಿಫ್ಯೂಷನ್ ಎಂಬ ಸಾಧನ ಬಳಸಿ, ನಾಗರಹಾವಿನ ಜಾತಿಯ ಹಾವುಗಳಲ್ಲಿರುವ ಒಂದು ಮುಖ್ಯ ವಿಷಕ್ಕೆ ಅಂಟಿಕೊಳ್ಳುವ ಪುಟ್ಟ ಪ್ರೋಟೀನ್‌ಗಳನ್ನು ಕಂಪ್ಯೂಟರ್‌ನಲ್ಲಿ ವಿನ್ಯಾಸ ಮಾಡಿತು. 2025ರ ಜನವರಿಯಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಸಾಯುವಷ್ಟು ವಿಷ ಕೊಟ್ಟ ಇಲಿಗಳ ಪೈಕಿ ಪ್ರಮಾಣ ಮತ್ತು ಸಮಯಕ್ಕೆ ತಕ್ಕಂತೆ 80ರಿಂದ 100 ಶೇಕಡಾ ಬದುಕಿದವು. ಅದಕ್ಕೂ ಒಂದು ವರ್ಷ ಮೊದಲು, 2024ರಲ್ಲಿ, ಬೆಂಗಳೂರಿನ ಐಐಎಸ್‌ಸಿ ಮತ್ತು ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯವರು ಇದೇ ಬಗೆಯ ವಿಷದ ವಿರುದ್ಧ ಮನುಷ್ಯರ ಮಾದರಿಯ ಪ್ರತಿಕಾಯವೊಂದನ್ನು ಲ್ಯಾಬಿನಲ್ಲಿ ತಯಾರಿಸಿ ತೋರಿಸಿದ್ದರು. ಎರಡು ದಾರಿ, ಗುರಿ ಒಂದೇ.

ಕೊಳಕುಮಂಡಲದ ವಿಷದಲ್ಲಿ ಬೇರೆ ಬಗೆಯ ಘಟಕಗಳೇ ಜಾಸ್ತಿ. ಅದಕ್ಕೆ ಈ ಪುಟ್ಟ ಪ್ರೋಟೀನ್‌ಗಳು ಸಾಲವು. ಮನುಷ್ಯರ ಮೇಲಿನ ಪರೀಕ್ಷೆಯೂ ಇನ್ನೂ ಆಗಬೇಕು. ಹಾಗಾಗಿ ಇವತ್ತು ಹಾವು ಕಡಿದರೆ ಮಾಡಬೇಕಾದ್ದು ಒಂದೇ: ಕಟ್ಟು, ಕೊಯ್ತ, ನಾಟಿ ಮದ್ದು ಅಂತ ಹೊತ್ತು ಕಳೆಯದೆ ಆಂಟಿವೆನಮ್ ಇರುವ ಆಸ್ಪತ್ರೆಗೆ ಓಡಬೇಕು.

ಮನುಷ್ಯರವರೆಗೂ ಬಂದ ಉದಾಹರಣೆ ಬೇಕೆಂದರೆ, ಕಂಪ್ಯೂಟರ್‌ನಲ್ಲಿ ವಿನ್ಯಾಸ ಮಾಡಿದ ಪ್ರೋಟೀನ್ ಕಣ ಬಳಸಿದ ಕೋವಿಡ್ ಲಸಿಕೆಯೊಂದಕ್ಕೆ 2022ರಲ್ಲಿ ದಕ್ಷಿಣ ಕೊರಿಯಾ ಒಪ್ಪಿಗೆ ಕೊಟ್ಟಿತು. ಅದರ ಹೆಸರು ಸ್ಕೈಕೋವಿಯೋನ್.

## ಮನುಷ್ಯನ ಜಿನೋಮ್ ಓದಿ ಮುಗಿಸಿದ್ದೇವೆ ಅಂತ 2003ರಲ್ಲೇ ಹೇಳಿದ್ರಲ್ಲ?

ಜಿನೋಮ್ ಅಂದರೆ ಒಂದು ಜೀವಿಯ ಇಡೀ ಡಿಎನ್‌ಎ. ಹೇಳಿದ್ದು ಹೌದು, ಆದರೆ ಮನುಷ್ಯನ ಸುಮಾರು 300 ಕೋಟಿ ಅಕ್ಷರಗಳಲ್ಲಿ ಇನ್ನೂ 8 ಶೇಕಡಾ ಬಾಕಿ ಇತ್ತು. ಒಂದೇ ಸಾಲು ಸಾವಿರಾರು ಸಲ ಮರಳಿ ಬರುವ ಜಾಗಗಳು ಅವು. ಹಳೆಯ ಯಂತ್ರಗಳು ಚಿಕ್ಕ ಚಿಕ್ಕ ತುಣುಕುಗಳನ್ನಷ್ಟೇ ಓದುತ್ತಿದ್ದುದರಿಂದ ಜೋಡಿಸಲು ಆಗುತ್ತಿರಲಿಲ್ಲ. ಉದ್ದದ ತುಣುಕು ಓದುವ ಯಂತ್ರಗಳು ಬಂದ ಮೇಲೆ, 2022ರಲ್ಲಿ ಒಂದು ಪೂರ್ತಿ ಜಿನೋಮ್ ಹೊರಬಂತು. 2023ರಲ್ಲಿ 47 ಜನರ ಜಿನೋಮ್‌ಗಳನ್ನು ಹೆಣೆದ ಪ್ಯಾನ್‌ಜಿನೋಮ್ ಬಂತು. ಒಬ್ಬ ಮನುಷ್ಯನ ಪ್ರತಿಯನ್ನೇ ಎಲ್ಲರಿಗೂ ಅಳತೆಗೋಲು ಮಾಡಬಾರದು ಎಂಬುದು ಅದರ ಹಿಂದಿನ ವಿಚಾರ.

## ಡಿಎನ್‌ಎಗೂ ಚಾಟ್‌ಜಿಪಿಟಿ ಥರದ್ದು ಬಂದಿದೆಯಂತೆ, ನಿಜವಾ?

ನಿಜ. ಚಾಟ್‌ಜಿಪಿಟಿಯಂಥ ಎಐ ಮಾದರಿ (ಮಾಡೆಲ್) ಮಾತು ಕಲಿಯುವುದು ಮುಂದೆ ಯಾವ ಪದ ಬರಬಹುದು ಎಂದು ಊಹಿಸುತ್ತಾ. ಅದೇ ರೀತಿ ಡಿಎನ್‌ಎಯ ಮುಂದಿನ ಅಕ್ಷರ ಊಹಿಸುತ್ತಾ ಕಲಿತ ಮಾದರಿಗಳಿವೆ. 2025ರಲ್ಲಿ ಅಮೆರಿಕದ ಆರ್ಕ್ ಇನ್‌ಸ್ಟಿಟ್ಯೂಟ್ ಮತ್ತು ಜೊತೆಗಾರರು ತಂದ ಇವೋ 2, ಬ್ಯಾಕ್ಟೀರಿಯಾದಿಂದ ಮನುಷ್ಯನವರೆಗಿನ ಜೀವಿಗಳ 9 ಲಕ್ಷ ಕೋಟಿಗೂ ಹೆಚ್ಚು ಅಕ್ಷರಗಳಿಂದ ಕಲಿತಿದೆ. ಇಂಥ ಮಾದರಿಗಳನ್ನು ಬಳಸಿ, ಬ್ಯಾಕ್ಟೀರಿಯಾವನ್ನು ಕೊಲ್ಲುವ ಪುಟ್ಟ ವೈರಸ್‌ನ ಇಡೀ ಜಿನೋಮನ್ನೇ ಹೊಸದಾಗಿ ಬರೆಸಿದರು. ಪರೀಕ್ಷಿಸಿದ ಸುಮಾರು 300 ವಿನ್ಯಾಸಗಳಲ್ಲಿ 16 ಕೆಲಸ ಮಾಡಿದವು. ಉಳಿದವು ಮಾಡಲಿಲ್ಲ ಎಂಬುದನ್ನೂ ನೆನಪಿಡಿ. ಅದು ಗೊತ್ತಾದದ್ದು ಲ್ಯಾಬಿನಲ್ಲಿ.

ಆಸ್ಪತ್ರೆಗೆ ಹೆಚ್ಚು ಹತ್ತಿರದ್ದು ಇನ್ನೊಂದು ಬಗೆಯ ಸಾಧನ. ಜೀನ್ ಪರೀಕ್ಷೆಯ ವರದಿಯಲ್ಲಿ 'ಅರ್ಥ ಖಚಿತವಿಲ್ಲದ ಬದಲಾವಣೆ' ಎಂದು ಬರೆದಿರುವುದನ್ನು ಕೆಲವರು ನೋಡಿರಬಹುದು. ಅಕ್ಷರ ಬದಲಾಗಿದೆ, ಅದರಿಂದ ತೊಂದರೆ ಇದೆಯೋ ಇಲ್ಲವೋ ತಿಳಿಯದು. ಆ ಮನೆಯವರಿಗೆ ಅದು ತುಂಬಾ ಸಂಕಟದ ಸಾಲು. 2023ರಲ್ಲಿ ಬಂದ ಆಲ್ಫಾಮಿಸ್‌ಸೆನ್ಸ್, ಪ್ರೋಟೀನ್‌ನಲ್ಲಿ ಒಂದು ಅಮೈನೋ ಆಮ್ಲ ಬದಲಾಗುವಂಥ 7.1 ಕೋಟಿ ಸಾಧ್ಯತೆಗಳನ್ನು ಲೆಕ್ಕ ಹಾಕಿ, 89 ಶೇಕಡಾದಷ್ಟನ್ನು ಬಹುಶಃ ತೊಂದರೆ ಇಲ್ಲ ಅಥವಾ ಬಹುಶಃ ತೊಂದರೆ ಇದೆ ಎಂದು ವಿಂಗಡಿಸಿತು. ಪ್ರೋಟೀನ್ ತಯಾರಿಸುವ ಸೂಚನೆ ಇಲ್ಲದ ಜಾಗವೇ ಜಿನೋಮ್‌ನಲ್ಲಿ ಸುಮಾರು 98 ಶೇಕಡಾ. ಅಲ್ಲಿನ ಬದಲಾವಣೆಗಳನ್ನು ಓದಲು 2025ರಲ್ಲಿ ಆಲ್ಫಾಜಿನೋಮ್ ಬಂತು. ಅದು ಒಂದೇ ಸಲ 10 ಲಕ್ಷ ಅಕ್ಷರ ನೋಡುತ್ತದೆ. 'ಬಹುಶಃ' ಅನ್ನುವ ಪದವನ್ನು ಬಿಟ್ಟು ಇವನ್ನು ಓದಬೇಡಿ. ರೋಗ ನಿರ್ಣಯ ಡಾಕ್ಟರ್ ಕೈಯಲ್ಲೇ ಇರಬೇಕು.

## ಈ ಸಾಧನಗಳೆಲ್ಲ ನಮ್ಮಂಥವರಿಗೂ ಅಷ್ಟೇ ಚೆನ್ನಾಗಿ ಕೆಲಸ ಮಾಡ್ತಾವಾ?

ಈ ಪ್ರಶ್ನೆಯನ್ನು ಇನ್ನೂ ಜಾಸ್ತಿ ಜನ ಕೇಳಬೇಕು.

ಯಾವ ಜೀನ್ ಯಾವ ಕಾಯಿಲೆಗೆ ಸಂಬಂಧಿಸಿದ್ದು ಎಂದು ಹುಡುಕುವ ದೊಡ್ಡ ಅಧ್ಯಯನಗಳಲ್ಲಿ ಭಾಗವಹಿಸಿದವರ ಪೈಕಿ ಸುಮಾರು 79 ಶೇಕಡಾ ಜನ ಯುರೋಪ್ ಮೂಲದವರು ಎಂದು 2019ರಲ್ಲಿ ಲೆಕ್ಕ ಹಾಕಿದ್ದರು. ಬರೀ ಧಾರವಾಡದ ಕನ್ನಡ ಕೇಳಿ ಬೆಳೆದವರನ್ನು ಕುಂದಾಪುರದ ಸಂತೆಯಲ್ಲಿ ನಿಲ್ಲಿಸಿದರೆ ಅರ್ಧ ಮಾತು ತಿಳಿಯುತ್ತದೆ, ಅರ್ಧ ತಪ್ಪಿಹೋಗುತ್ತದೆ. ಆ ಡೇಟಾದಿಂದ ಕಲಿತ ಲೆಕ್ಕವೂ ನಮ್ಮ ವಿಷಯದಲ್ಲಿ ಹಾಗೆಯೇ. ಹೃದಯಾಘಾತದ ಅಪಾಯ ಇಷ್ಟು ಎಂದು ಬರುವ ಅಂಕ ಯುರೋಪಿನವರಿಗೆ ಹತ್ತಿರ, ನಮಗೆ ದೂರ ಇರಬಹುದು.

ನಮ್ಮಲ್ಲೇ ಹೆಚ್ಚು ಕಾಣುವ ಬದಲಾವಣೆಗಳೂ ಇವೆ. ಹೃದಯದ ಸ್ನಾಯುವಿನ ಒಂದು ಪ್ರೋಟೀನ್‌ನ ಜೀನ್‌ನಲ್ಲಿ 25 ಅಕ್ಷರ ಬಿಟ್ಟುಹೋಗಿರುವುದು ದಕ್ಷಿಣ ಏಷ್ಯಾದವರಲ್ಲಿ ಸುಮಾರು 4 ಶೇಕಡಾ ಜನರಲ್ಲಿದೆ. ಅದಕ್ಕೂ ಹೃದಯದ ಸ್ನಾಯು ದುರ್ಬಲವಾಗುವುದಕ್ಕೂ ನಂಟಿದೆ ಎಂದು 2009ರಲ್ಲಿ ತಿಳಿಯಿತು. ಯುರೋಪಿನವರ ಡೇಟಾದಲ್ಲಿ ಹುಡುಕುತ್ತಾ ಕೂತಿದ್ದರೆ ಇದು ಸಿಗುತ್ತಲೇ ಇರಲಿಲ್ಲ.

ನಮ್ಮ ಮದುವೆಯ ರೂಢಿಗೂ ಇದಕ್ಕೂ ಸಂಬಂಧ ಇದೆಯಾ ಎಂದು ಹಿರಿಯರು ಮೆಲ್ಲಗೆ ಕೇಳುತ್ತಾರೆ. ಇದೆ. ಅಕ್ಕನ ಮಗಳನ್ನೋ ಸೋದರತ್ತೆಯ ಮಗಳನ್ನೋ ತಂದುಕೊಂಡಾಗ ತಂದೆತಾಯಿ ಇಬ್ಬರಿಗೂ ಒಂದೇ ಅಪರೂಪದ ಬದಲಾವಣೆ ಬಂದಿರುವ ಸಾಧ್ಯತೆ ಹೆಚ್ಚು. ಮಗುವಿಗೆ ಎರಡೂ ಕಡೆಯಿಂದ ಅದೇ ಬಂದರೆ ಕಾಯಿಲೆಯಾಗಬಹುದು. ಸ್ವಂತದಲ್ಲಿ ಮದುವೆಯಾಗದಿದ್ದರೂ, ತಲೆತಲಾಂತರದಿಂದ ಒಂದೇ ಸಮುದಾಯದೊಳಗೆ ಕೊಟ್ಟು ತಂದು ಮಾಡಿದಲ್ಲೂ ಹೀಗೆ ಆಗುತ್ತದೆ. 2017ರ ಒಂದು ಅಧ್ಯಯನ ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಗುಂಪುಗಳನ್ನು ನೋಡಿ, ಅವುಗಳಲ್ಲಿ 81ರಲ್ಲಿ ಈ ಪರಿಣಾಮ ತುಂಬಾ ಬಲವಾಗಿದೆ ಎಂದು ಕಂಡಿತು. ಇದು ಯಾವ ಮನೆತನದ ತಪ್ಪೂ ಅಲ್ಲ. ಮೊದಲೇ ಗೊತ್ತಿದ್ದರೆ ಮಗು ಹುಟ್ಟುವ ಮುಂಚೆ, ಅರಿವಳಿಕೆ ಕೊಡುವ ಮುಂಚೆ ಎಚ್ಚರ ವಹಿಸಬಹುದು. ಮನೆಯಲ್ಲಿ ಇಂಥ ಇತಿಹಾಸ ಇದ್ದರೆ ದೊಡ್ಡ ಆಸ್ಪತ್ರೆಗಳಲ್ಲಿರುವ ಜೆನೆಟಿಕ್ ಕೌನ್ಸೆಲರ್ ಜೊತೆ ಮಾತಾಡಿ.

ನಮ್ಮವರ ಡೇಟಾದ ಈ ಕೊರತೆ ತುಂಬಲೆಂದೇ 2020ರಲ್ಲಿ ಜಿನೋಮ್ ಇಂಡಿಯಾ ಯೋಜನೆ ಶುರುವಾಯಿತು. 20 ಸಂಸ್ಥೆಗಳು ಸೇರಿದವು. ಮುಂದಾಳು ಬೆಂಗಳೂರಿನ ಐಐಎಸ್‌ಸಿ ಆವರಣದ ಸೆಂಟರ್ ಫಾರ್ ಬ್ರೈನ್ ರಿಸರ್ಚ್. 80ಕ್ಕೂ ಹೆಚ್ಚು ಸಮುದಾಯಗಳ 10,000 ಜನರ ಜಿನೋಮ್ ಓದಿದರು. 2025ರ ಜನವರಿಯಲ್ಲಿ ಡೇಟಾವನ್ನು ಸಂಶೋಧಕರ ಬಳಕೆಗೆ ಬಿಟ್ಟರು. ಅದು ಫರೀದಾಬಾದಿನ ಇಂಡಿಯನ್ ಬಯಾಲಾಜಿಕಲ್ ಡೇಟಾ ಸೆಂಟರ್‌ನಲ್ಲಿದೆ. 140 ಕೋಟಿ ಜನರಿಗೆ 10,000 ಏನೂ ಅಲ್ಲ, ನಿಜ. ಆದರೂ ಈ ಕ್ಷೇತ್ರದ ಸುದ್ದಿಗಳಲ್ಲಿ ನನಗೆ ಹೆಚ್ಚು ಸಂತೋಷ ಕೊಟ್ಟದ್ದು ಇದೇ. ಎಐ ಮಾದರಿಯನ್ನು ಯಾರು ಬೇಕಾದರೂ ಕಟ್ಟಬಹುದು. ಈ ಡೇಟಾ ನಾವೇ ಕೂಡಿಸಬೇಕು.

## ಮುಂಬೈನಲ್ಲಿ ಮದ್ದಿಗೆ ಬಗ್ಗದ ಟಿಬಿ ಜಾಸ್ತಿ ಅಂತಾರೆ. ಇದರಲ್ಲಿ ಕಂಪ್ಯೂಟರ್ ಏನು ಮಾಡುತ್ತೆ?

ತುಂಬಾ ಮಾಡುತ್ತದೆ. ಪ್ರಪಂಚದ ಟಿಬಿ ರೋಗಿಗಳಲ್ಲಿ ಕಾಲು ಭಾಗ ಭಾರತದವರು. ಯಾವ ಮದ್ದಿಗೆ ರೋಗಾಣು ಬಗ್ಗುತ್ತದೆ ಎಂದು ತಿಳಿಯಲು ಹಳೆಯ ವಿಧಾನದಲ್ಲಿ ಅದನ್ನು ಲ್ಯಾಬಿನಲ್ಲಿ ಬೆಳೆಸಬೇಕು. ಟಿಬಿ ರೋಗಾಣು ತುಂಬಾ ನಿಧಾನ, ವಾರಗಳೇ ಹಿಡಿಯುತ್ತವೆ. ಅಷ್ಟು ದಿನ ರೋಗಿ ಕೆಲಸಕ್ಕೆ ಬಾರದ ಮದ್ದು ನುಂಗುತ್ತಿರಬಹುದು, ಚಾಳಿನ ಒಂದೇ ಕೋಣೆಯಲ್ಲಿ ಮನೆಮಂದಿಯ ಜೊತೆ ಮಲಗುತ್ತಿರಬಹುದು.

ಟಿಬಿ ರೋಗಾಣುವಿನ ಜಿನೋಮ್ ಸುಮಾರು 44 ಲಕ್ಷ ಅಕ್ಷರ. ಅದನ್ನು ಓದಿ, ಯಾವ ಅಕ್ಷರ ಬದಲಾದರೆ ಯಾವ ಮದ್ದು ಕೆಲಸ ಮಾಡುವುದಿಲ್ಲ ಎಂಬ ಪಟ್ಟಿಯ ಜೊತೆ ಹೋಲಿಸಿದರೆ ಕೆಲವೇ ದಿನಗಳಲ್ಲಿ ಉತ್ತರ ಸಿಗುತ್ತದೆ. ಆ ಪಟ್ಟಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಮೊದಲ ಸಲ ಹೊರತಂದಿತು. 2023ರ ಎರಡನೇ ಆವೃತ್ತಿಗೆ 52,000ಕ್ಕೂ ಹೆಚ್ಚು ರೋಗಾಣು ಮಾದರಿಗಳು (ಸ್ಯಾಂಪಲ್) ಆಧಾರ. ಇಂಥ ಅಂತರರಾಷ್ಟ್ರೀಯ ಕೆಲಸಕ್ಕೆ ಮುಂಬೈನಿಂದಲೂ ಮಾದರಿಗಳು ಹೋಗಿವೆ. ಇಲ್ಲಿ ಎಐ ಗದ್ದಲ ಕಡಿಮೆ, ಅಂಕಿಅಂಶದ ನೇರ ಲೆಕ್ಕವೇ ಜಾಸ್ತಿ. ಆದರೆ ಬಡವರ ಮನೆಗೆ ಬೇಗ ತಲುಪುವ ಶಕ್ತಿ ಇರುವುದು ಇಂಥ ಕೆಲಸಕ್ಕೆ.

## ಪುಣೆಯ ವೈರಸ್ ಸಂಸ್ಥೆಗೂ ಇದಕ್ಕೂ ಏನು ಸಂಬಂಧ?

ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ, ಎಲ್ಲರ ಬಾಯಲ್ಲಿ ಎನ್‌ಐವಿ, 1952ರಲ್ಲಿ ವೈರಸ್ ರಿಸರ್ಚ್ ಸೆಂಟರ್ ಎಂಬ ಹೆಸರಿನಲ್ಲಿ ಶುರುವಾಯಿತು. ಮಲೆನಾಡಿನವರಿಗೆ ಇದರ ಋಣ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಜನರಿಗೂ ಜ್ವರ ಬಂದಾಗ, ಆ ವೈರಸ್ ಪತ್ತೆ ಮಾಡಿದ್ದು ಇಲ್ಲಿಯವರು. ಅದೇ ಮಂಗನ ಕಾಯಿಲೆ, ಕೆಎಫ್‌ಡಿ.

2015ರ ಹೊತ್ತಿಗೆ ಅದು ಗೋವಾದ ಸತ್ತರಿ ತಾಲೂಕಿನಲ್ಲಿ, ಆಮೇಲೆ ಮಹಾರಾಷ್ಟ್ರದ ಸಿಂಧುದುರ್ಗದಲ್ಲಿ ಕಾಣಿಸಿತು. ಶಿವಮೊಗ್ಗದಿಂದ ಅಲ್ಲಿಗೆ ಹೇಗೆ ಹೋಯಿತು? ಎನ್‌ಐವಿಯವರು 1957ರಿಂದ 2017ರವರೆಗಿನ ವೈರಸ್ ಮಾದರಿಗಳ ಜಿನೋಮ್‌ಗಳನ್ನು ಹೋಲಿಸಿ, ಪಶ್ಚಿಮ ಘಟ್ಟದಲ್ಲಿ ಅದು ಹರಡಿದ ಜಾಡನ್ನು 2020ರಲ್ಲಿ ಪ್ರಕಟಿಸಿದರು. ವೈರಸ್ ನಕಲಾಗುವಾಗ ಆಗುವ ಸಣ್ಣ ತಪ್ಪುಗಳು ಕಾಲ ಕಳೆದಂತೆ ಕೂಡುತ್ತಾ ಹೋಗುತ್ತವೆ. ಯಾವ ಎರಡು ಮಾದರಿಗಳಲ್ಲಿ ಯಾವ ತಪ್ಪುಗಳು ಸಮಾನ ಎಂದು ನೋಡಿದರೆ ವಂಶವೃಕ್ಷ ಸಿಗುತ್ತದೆ. ಅದಕ್ಕೆ ದಿನಾಂಕ ಮತ್ತು ಊರು ಸೇರಿಸಿದರೆ ಹರಡಿದ ದಾರಿಯೂ ತಿಳಿಯುತ್ತದೆ. ಫ್ರಿಜ್‌ನಲ್ಲಿ ಹಳೆಯ ಮಾದರಿಗಳನ್ನು ದಶಕಗಳ ಕಾಲ ಜೋಪಾನವಾಗಿ ಇಟ್ಟವರಿಗೆ ನನ್ನ ನಮಸ್ಕಾರ.

ಕೋವಿಡ್‌ನಲ್ಲಿ ನಡೆದದ್ದೂ ಇದೇ ಲೆಕ್ಕ, ಇನ್ನೂ ದೊಡ್ಡದಾಗಿ. 2020ರ ಡಿಸೆಂಬರ್‌ನಲ್ಲಿ ದೇಶದ ಲ್ಯಾಬುಗಳು ಸೇರಿ ಇನ್ಸಾಕಾಗ್ ಎಂಬ ಜಾಲ ಕಟ್ಟಿದವು. ಆಮೇಲೆ ಡೆಲ್ಟಾ ಎಂದು ಹೆಸರಾದ ರೂಪದ ಕುಟುಂಬ ಮೊದಲು ಕಂಡದ್ದು ಮಹಾರಾಷ್ಟ್ರದ ಮಾದರಿಗಳಲ್ಲಿ. ಪುಣೆಯಲ್ಲಿ ಚರಂಡಿ ನೀರಿನಿಂದಲೂ ವೈರಸ್ ಓದುವ ಕೆಲಸ ನಡೆಯಿತು. ಜನ ಟೆಸ್ಟ್ ಮಾಡಿಸಿಕೊಳ್ಳದಿದ್ದರೂ ಚರಂಡಿ ಸುದ್ದಿ ಕೊಡುತ್ತದೆ.

## ಎಐ ಹೊಸ ಔಷಧ ಕಂಡುಹಿಡಿದಿದೆ ಅಂತ ವಾಟ್ಸ್ಯಾಪ್‌ನಲ್ಲಿ ಬರುತ್ತಲ್ಲ?

ಅರ್ಧ ನಿಜ. 2020ರಲ್ಲಿ ಅಮೆರಿಕದ ಎಂಐಟಿಯವರು ಸಾವಿರಾರು ಅಣುಗಳನ್ನು ಕಂಪ್ಯೂಟರ್‌ನಲ್ಲಿ ಜಾಲಾಡಿ, ಬ್ಯಾಕ್ಟೀರಿಯಾ ಕೊಲ್ಲುವ ಹ್ಯಾಲಿಸಿನ್ ಎಂಬುದನ್ನು ಹೆಕ್ಕಿದರು. ಅದನ್ನು ಹಿಂದೆ ಸಕ್ಕರೆ ಕಾಯಿಲೆಗೆಂದು ನೋಡಿದ್ದರು. 2023ರಲ್ಲಿ ಆಸ್ಪತ್ರೆಗಳನ್ನು ಕಾಡುವ ಒಂದು ಬ್ಯಾಕ್ಟೀರಿಯಾದ ವಿರುದ್ಧ ಅಬೌಸಿನ್ ಸಿಕ್ಕಿತು. 2025ರಲ್ಲಿ ಎಲ್ಲೂ ಇಲ್ಲದ ಹೊಸ ಅಣುಗಳನ್ನೇ ಕಂಪ್ಯೂಟರ್ ಬರೆದು, ಅವು ಇಲಿಗಳಲ್ಲಿ ಕೆಲಸ ಮಾಡಿದವು. ಇವು ಯಾವುವೂ ಇನ್ನೂ ಔಷಧ ಅಂಗಡಿಗೆ ಬಂದಿಲ್ಲ.

ಮನುಷ್ಯರಲ್ಲಿ ಮುಂದೆ ಹೋದದ್ದು ರೆಂಟೋಸರ್ಟಿಬ್. ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುವ ಕಾಯಿಲೆಗೆ, ಎಐ ಸಹಾಯದಿಂದ ಗುರಿಯನ್ನೂ ಅಣುವನ್ನೂ ಹುಡುಕಿದ ಮದ್ದು ಅದು. ಚೀನಾದಲ್ಲಿ 71 ರೋಗಿಗಳ ಮೇಲೆ 12 ವಾರ ಪರೀಕ್ಷಿಸಿ, ಜಾಸ್ತಿ ಪ್ರಮಾಣ ಪಡೆದವರ ಉಸಿರಾಟ ಸ್ವಲ್ಪ ಸುಧಾರಿಸಿದ್ದನ್ನು 2025ರಲ್ಲಿ ವರದಿ ಮಾಡಿದರು. ಆಸೆ ಹುಟ್ಟಿಸುವ ಫಲಿತಾಂಶ. ಆದರೆ 71 ಜನ ಬಹಳ ಕಡಿಮೆ, 12 ವಾರವೂ ಕಡಿಮೆ.

## ಒಂದೊಂದೇ ಜೀವಕೋಶ ಓದೋದು ಅಂದ್ರೆ?

ನಮ್ಮ ಮೈಯಲ್ಲಿ ಸುಮಾರು 37 ಲಕ್ಷ ಕೋಟಿ ಜೀವಕೋಶಗಳಿವೆ ಎಂದು ಅಂದಾಜು. ಡಿಎನ್‌ಎ ಇರುವ ಕೋಶಗಳಲ್ಲೆಲ್ಲ ಅದು ಹೆಚ್ಚುಕಡಿಮೆ ಒಂದೇ. ಆದರೆ ಯಾವ ಜೀನ್ ಆನ್ ಆಗಿದೆ ಅನ್ನುವುದು ಒಂದೊಂದರಲ್ಲೂ ಬೇರೆ. ಮೊದಲು ಲಕ್ಷಾಂತರ ಕೋಶಗಳ ಸರಾಸರಿ ಮಾತ್ರ ಸಿಗುತ್ತಿತ್ತು. ಈಗ ಬಿಡಿಬಿಡಿಯಾಗಿ ಅಳೆಯಬಹುದು, ಗಡ್ಡೆಯ ಯಾವ ಮೂಲೆಯ ಕೋಶ ಎಂಬುದನ್ನೂ ಗುರುತಿಸಬಹುದು. 2016ರಲ್ಲಿ ಶುರುವಾದ ಹ್ಯೂಮನ್ ಸೆಲ್ ಅಟ್ಲಾಸ್ ಇಂಥ ಅಳತೆಗಳನ್ನು ಕೂಡಿಸುತ್ತಿದೆ.

ಈ ಡೇಟಾದಿಂದ ಕಲಿತ ದೊಡ್ಡ ದೊಡ್ಡ ಎಐ ಮಾದರಿಗಳೂ ಬಂದಿವೆ. ಒಂದು ಜೀನ್ ಆಫ್ ಮಾಡಿದರೆ ಕೋಶ ಏನು ಮಾಡುತ್ತದೆ ಎಂದು ಅವು ಹೇಳಬೇಕಿತ್ತು. 2025ರಲ್ಲಿ ಒಂದು ಗುಂಪು ಅವನ್ನು ತೀರಾ ಸರಳವಾದ ಲೆಕ್ಕದ ಜೊತೆ ಹೋಲಿಸಿತು. ದೊಡ್ಡ ಮಾದರಿಗಳು ಸರಳ ಲೆಕ್ಕವನ್ನು ಹಿಂದೆ ಹಾಕಲಿಲ್ಲ. ಈ ಫಲಿತಾಂಶವನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಓದಬೇಕು. ಹೊಸ ವಿಧಾನ ತರುವ ಮೊದಲು ಹಳೆಯ ಸುಲಭದ ವಿಧಾನ ಎಷ್ಟು ಅಂಕ ತೆಗೆಯುತ್ತದೆ ಎಂದು ನೋಡಲೇಬೇಕು.

## ಗೋವಾದಲ್ಲೂ ಇಂಥ ಕೆಲಸ ನಡೆಯುತ್ತಾ?

ದೋನಾ ಪಾವ್ಲಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ 2021ರಲ್ಲಿ ತನ್ನ ಸಿಂಧು ಸಾಧನಾ ಹಡಗಿನಲ್ಲಿ ಹಿಂದೂ ಮಹಾಸಾಗರದ ಸೂಕ್ಷ್ಮಜೀವಿಗಳ ಜಿನೋಮ್ ಮಾದರಿ ಕೂಡಿಸಲು ಹೊರಟಿತು. ಸಮುದ್ರದ ಬಹುಪಾಲು ಸೂಕ್ಷ್ಮಜೀವಿಗಳನ್ನು ಲ್ಯಾಬಿನಲ್ಲಿ ಬೆಳೆಸಲು ಆಗುವುದಿಲ್ಲ. ನೀರಿನಲ್ಲಿರುವ ಎಲ್ಲ ಡಿಎನ್‌ಎಯನ್ನು ಒಟ್ಟಿಗೇ ಓದಿ, ಯಾವ ತುಣುಕು ಯಾವ ಜೀವಿಯದು ಎಂದು ಕಂಪ್ಯೂಟರ್‌ನಲ್ಲೇ ಬಿಡಿಸಬೇಕು. ಝುವಾರಿನಗರದ ಬಿಟ್ಸ್ ಪಿಲಾನಿ ಕ್ಯಾಂಪಸ್‌ನಲ್ಲೂ ಜೀವಶಾಸ್ತ್ರ ವಿಭಾಗ ಇದೆ.

## ಇದರಿಂದ ಅಪಾಯ ಇಲ್ವಾ?

ಇದೆ. ವೈರಸ್ ಬರೆಯಬಲ್ಲ ಸಾಧನ ಕೆಟ್ಟ ಕೈಗೂ ಸಿಗಬಹುದು. ಇವೋ 2 ಮಾಡಿದವರು ಮನುಷ್ಯ, ಪ್ರಾಣಿ, ಸಸ್ಯಗಳಿಗೆ ಹತ್ತುವ ವೈರಸ್‌ಗಳ ಡೇಟಾವನ್ನು ಬೇಕೆಂದೇ ಹೊರಗಿಟ್ಟರು. ಡಿಎನ್‌ಎ ತಯಾರಿಸಿ ಕೊಡುವ ಕಂಪನಿಗಳು ಬಂದ ಆರ್ಡರನ್ನು ಮೊದಲು ತಪಾಸಣೆ ಮಾಡುವುದು ಕಡ್ಡಾಯವಾಗಬೇಕು ಅನ್ನುವವರ ಪರ ನಾನು. ಇನ್ನೊಂದು ಅಪಾಯ ನಮ್ಮ ಮನೆಯೊಳಗಿನದು. ನಿಮ್ಮ ಜಿನೋಮ್ ನಿಮ್ಮದಷ್ಟೇ ಅಲ್ಲ, ಅಣ್ಣತಮ್ಮಂದಿರದ್ದು, ಮಕ್ಕಳದ್ದೂ ಹೌದು. ಉಗುಳಿನ ಮಾದರಿ ಕಳಿಸುವ ಮೊದಲು ಡೇಟಾ ಎಲ್ಲಿರುತ್ತದೆ, ಅಳಿಸಿ ಅಂದರೆ ಅಳಿಸುತ್ತಾರಾ ಎಂದು ಕೇಳಿ.

## ಮಗಳಿಗೆ ಇದರಲ್ಲಿ ಆಸಕ್ತಿ ಇದೆ. ಇಲ್ಲೇ ಎಲ್ಲಿ ಓದಬಹುದು?

ಪುಣೆಯವರು ಅದೃಷ್ಟವಂತರು. ಪಾಷಾಣ್‌ನಲ್ಲಿ ಐಸರ್ (ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆ) ಮತ್ತು ಎನ್‌ಸಿಎಲ್ (ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ) ಅಕ್ಕಪಕ್ಕ. ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯದ ಬಯೋಇನ್‌ಫರ್ಮ್ಯಾಟಿಕ್ಸ್ ಸೆಂಟರ್ ದೇಶದ ಹಳೆಯ ಕೇಂದ್ರಗಳಲ್ಲೊಂದು. ಅದೇ ಆವರಣದಲ್ಲಿ ಜೀವಕೋಶ ವಿಜ್ಞಾನದ ಎನ್‌ಸಿಸಿಎಸ್ ಇದೆ. 1991ರಲ್ಲಿ ಪರಮ್ 8000 ಸೂಪರ್‌ಕಂಪ್ಯೂಟರ್ ಮಾಡಿದ ಸಿ-ಡ್ಯಾಕ್ ಕೂಡ ಇಲ್ಲೇ. ಮುಂಬೈ ಕಡೆ ಪವಾಯಿಯ ಐಐಟಿ, ಮೂಲ ವಿಜ್ಞಾನಕ್ಕೆ ಕೊಲಾಬಾದ ಟಿಐಎಫ್‌ಆರ್, ಕ್ಯಾನ್ಸರ್ ಸಂಶೋಧನೆಗೆ ಖಾರ್ಘರ್‌ನ ಆಕ್ಟ್ರೆಕ್.

ಪಿಯುಸಿ ಅಥವಾ ಹನ್ನೆರಡನೇ ಕ್ಲಾಸ್ ಆದ ಮೇಲೆ ಐಸರ್‌ಗೆ ಸೇರಲು ಐಎಟಿ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಬಿಎಸ್‌ಸಿ ಆದವರಿಗೆ ಐಐಟಿ ಎಂಎಸ್‌ಸಿಗೆ ಜಾಮ್ ಎಂಬ ಪ್ರವೇಶ ಪರೀಕ್ಷೆ ಇದೆ. ಬಯಾಲಜಿಯಾ, ಗಣಿತವಾ ಅಂತ ಕೇಳಿದರೆ ಎರಡನ್ನೂ ಬಿಡಬೇಡಿ ಅನ್ನುತ್ತೇನೆ. ಒಂದನ್ನು ಬಿಡಲೇಬೇಕಾದರೆ ಗಣಿತ ಉಳಿಸಿಕೊಳ್ಳಿ, ಬಯಾಲಜಿಯನ್ನು ಆಮೇಲೆ ಓದಿಕೊಳ್ಳುವುದು ಸುಲಭ. ಎಂಜಿನಿಯರಿಂಗ್ ಓದಿ ಹಿಂಜವಡಿಯ ಐಟಿ ಕಂಪನಿಗಳಲ್ಲಿ ಕೆಲಸದಲ್ಲಿರುವವರೂ ಈ ಕಡೆ ಬರಬಹುದು. ಪೈಥಾನ್ ಪ್ರೋಗ್ರಾಮಿಂಗ್ ಈಗಾಗಲೇ ಗೊತ್ತಿರುತ್ತದೆ, ಅಂಕಿಅಂಶ ವಿಜ್ಞಾನವನ್ನು ಚೆನ್ನಾಗಿ ಕಲಿಯಬೇಕು.

## ಮನೆಯಲ್ಲಿ ಸಾಧಾರಣ ಲ್ಯಾಪ್‌ಟಾಪ್ ಇದೆ. ಇವತ್ತೇ ಏನಾದ್ರೂ ಮಾಡಿ ನೋಡಬಹುದಾ?

ಖಂಡಿತ. ಬ್ರೌಸರ್ ಇದ್ದರೆ ಸಾಕು, ದುಡ್ಡು ಬೇಡ.

ಪ್ರೋಟೀನ್ ಸಾಲುಗಳ ಭಂಡಾರವಾದ ಯುನಿಪ್ರೋಟ್ ತಾಣದಲ್ಲಿ ಕ್ಯಾಸನೂರು ಕಾಡಿನ ವೈರಸ್‌ನ ಹೆಸರು ಹುಡುಕಿ. ಅದರ ಹೊರಕವಚದ ಪ್ರೋಟೀನ್ ಸಾಲನ್ನು ಕಾಪಿ ಮಾಡಿ. ಬ್ಲಾಸ್ಟ್ ಎಂಬ ಸಾಧನಕ್ಕೆ ಅದನ್ನು ಕೊಟ್ಟರೆ, 1990ರಿಂದ ಎಲ್ಲರೂ ಬಳಸುತ್ತಿರುವ ಆ ವಿಧಾನ ಹತ್ತಿರದ ನೆಂಟರನ್ನು ಹುಡುಕಿ ಕೊಡುತ್ತದೆ. ಉಣುಗಿನಿಂದ (ಮೈಗೆ ಅಂಟಿ ರಕ್ತ ಹೀರುವ ಹುಳು) ಹರಡುವ ಬೇರೆ ವೈರಸ್‌ಗಳು ಪಟ್ಟಿಯಲ್ಲಿ ಕಾಣುತ್ತವೆ. ಆಮೇಲೆ ಅದೇ ಸಾಲನ್ನು ಕೊಲ್ಯಾಬ್‌ಫೋಲ್ಡ್‌ಗೆ ಹಾಕಿ. ಆಲ್ಫಾಫೋಲ್ಡ್ ಅನ್ನು ಗೂಗಲ್‌ನ ಕಂಪ್ಯೂಟರ್ ಮೇಲೆ ಓಡಿಸಿ ಕೊಡುವ ಉಚಿತ ಸಾಧನ ಅದು. ಆಲ್ಫಾಫೋಲ್ಡ್‌ನ ಭಂಡಾರ ಶುರುವಾದಾಗ ವೈರಸ್ ಪ್ರೋಟೀನ್‌ಗಳನ್ನು ಸೇರಿಸಿರಲಿಲ್ಲ, ಹಾಗಾಗಿ ಇದನ್ನು ನೀವೇ ಓಡಿಸುವುದಕ್ಕೆ ಅರ್ಥವಿದೆ.

ಆಕಾರ ಬಂದ ಮೇಲೆ ವಿಶ್ವಾಸದ ಅಂಕ ನೋಡಿ. ಎಲ್ಲಿ ಕಡಿಮೆ ಇದೆ ಎಂದು ಬರೆದಿಟ್ಟುಕೊಳ್ಳಿ. ನಂತರ ಪ್ರೋಟೀನ್ ಡೇಟಾ ಬ್ಯಾಂಕ್‌ಗೆ ಹೋಗಿ, ಬ್ಲಾಸ್ಟ್ ತೋರಿಸಿದ ನೆಂಟರಲ್ಲಿ ಯಾವುದರದಾದರೂ ಹೊರಕವಚ ಲ್ಯಾಬಿನಲ್ಲಿ ಅಳೆದ ಆಕಾರವಾಗಿ ಅಲ್ಲಿದೆಯಾ ಎಂದು ಹುಡುಕಿ. ಇದ್ದರೆ ಎರಡನ್ನೂ ಒಂದರ ಮೇಲೊಂದಿಟ್ಟು ಹೋಲಿಸಿ. ಎಲ್ಲಿ ಕೂಡುತ್ತವೆ, ಎಲ್ಲಿ ಬೇರೆಯಾಗುತ್ತವೆ ಎಂಬ ಪಟ್ಟಿ ಮಾಡಿಕೊಂಡು ಐಸರ್‌ನಲ್ಲೋ ವಿಶ್ವವಿದ್ಯಾಲಯದಲ್ಲೋ ಬೇಸಿಗೆ ಪ್ರಾಜೆಕ್ಟ್‌ಗೆ ಅರ್ಜಿ ಹಾಕುವಾಗ ಜೊತೆಗಿಡಿ. ಮೇಷ್ಟ್ರುಗಳು ಅದನ್ನು ಓದಿಯೇ ಓದುತ್ತಾರೆ.